ಹಿಂದಿನಿಂದ ಕೂಗದ ಸವರಿಯಮ್ಮ

ನನ್ನ ಗಂಡ ಸೂಸೈ ಬೆಳಿಗ್ಗೆ ನಗುತ್ತ ಹೇಳಿಹೋದ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. "ಪಂಪು ನಿಲ್ಲಿಸಿದ್ರೆ ತೋಣಿ ಒಳಗೆ ನೀರು ಏರುತ್ತೆ ಕಣೇ. ಹಳೇ ತೋಣಿ, ನಮ್ಮಜ್ಜಿ ಥರ. ಸೋರ್ಕೊಂಡೇ ನೂರು ವರ್ಷ ಬಾಳುತ್ತೆ." ಇಷ್ಟು ಹೇಳಿ ಹೋಗಿ ಆ ಮರದ ಸರಕಿನ ತೋಣಿ ಹತ್ತಿದ. ತೂತ್ತುಕುಡಿಯಿಂದ ಮಾಲ್ಡೀವ್ಸಿನ ಮಾಲೆಗೆ, ಈರುಳ್ಳಿ ಮೂಟೆಗಳ ಜೊತೆ. ನಮ್ಮ ಮಗುವಿಗೆ ಇನ್ನೂ ಹಲ್ಲು ಬಂದಿಲ್ಲ.

ಅವನ ಅಜ್ಜಿ ಸವರಿಯಮ್ಮ ಹೊಸ್ತಿಲಲ್ಲಿ ಮೀನು ಹೆರೆಯುತ್ತಿದ್ದಳು. ಹಿಂದೆ ಅವಳ ಗಂಡ ಕಸ್ಪಾರ್ 'ಆರೋಗ್ಯಮಾತಾ' ಎಂಬ ಹಾಯಿತೋಣಿಯಲ್ಲಿದ್ದ. ಬಿಳಿಯರ ಕಾಲದಲ್ಲಿ ಕಟ್ಟಿದ್ದು. ಹೆಂಚು, ಒಣಮೆಣಸಿನಕಾಯಿ ಹೊತ್ತು ಕೊಲಂಬೋಗೆ ಹೋಗಿಬರುತ್ತಿತ್ತು. ಕೈಯಿಂದ ಕೈಗೆ ಮಾರಾಟವಾಯಿತು. ಬಂದ ಒಡೆಯರೆಲ್ಲ ಹೊಸ ಹಾಯಿ ಹಾಕಿಸಿದರು, ಅದು ದಡಕ್ಕೆ ಕಾಣುತ್ತದೆ. ತಳದ ಹಲಗೆಗೆ ಮಾತ್ರ ಡಾಂಬರಿನ ಮೇಲೆ ಡಾಂಬರು.

ಹಲಗೆ ಸಂದಿಗೆ ತುಂಬುವ ಹತ್ತಿ ಬತ್ತಿಯನ್ನು ಹೊಸೆಯುತ್ತಿದ್ದವಳು ಸವರಿಯಮ್ಮ. ಆಗ ಬಸುರಿ. ತೋಣಿಯನ್ನು ದಡಕ್ಕೆಳೆದಿದ್ದಾಗ ಅವಳು ಹೆಬ್ಬೆರಳು ಒತ್ತಿದ ಕಡೆ ಹಲಗೆ ನೆನೆದ ಬನ್ನಿನಂತೆ ಒಳಸರಿಯಿತು. ಅದನ್ನು ತೋರಿಸಿದರೆ ಒಡೆಯನ ಗುಮಾಸ್ತ ನಕ್ಕ: "ಬತ್ತಿ ಹೊಸೆಯೋಳಿಗೆ ಹಡಗಿನ ಉಸಾಬರಿ ಯಾಕಮ್ಮಾ? ಹೋಗು, ಉಪ್ಪಿನಕಾಯಿ ತಿನ್ನು." ಕಸ್ಪಾರ್ "ಇದೊಂದೇ ಸಲ" ಎಂದು ಹತ್ತಿದ.

ಇಲ್ಲಿ ತೋಣಿ ಹತ್ತಿದ ಗಂಡಸನ್ನು ಹೆಂಗಸು ಹಿಂದಿನಿಂದ ಕೂಗುವಂತಿಲ್ಲ. ಕೂಗಿದರೆ ಸಮುದ್ರ ಕೇಳಿಸಿಕೊಳ್ಳುತ್ತದಂತೆ. ಸವರಿಯಮ್ಮ ಸೆರಗು ಬಾಯಿಗೆ ತುರುಕಿಕೊಂಡು ನಿಂತಳು. ಹಗ್ಗ ಬಿಚ್ಚಿದರು. ಗಾಳಿ ಚೆನ್ನಾಗಿತ್ತು.

ಚುಕ್ಕಾಣಿಯ ಹಿಡಿಯೊಂದು ಮನ್ನಾರಿನ ದಡಕ್ಕೆ ಬಂದು ಬಿತ್ತು. ಬೇರೇನೂ ಬರಲಿಲ್ಲ. ಸತ್ತವರ ಹಬ್ಬಕ್ಕೆ ಊರೆಲ್ಲ ಗೋರಿಗಳ ಮೇಲೆ ಮೇಣದ ಬತ್ತಿ ಹಚ್ಚಿದರೆ, ಅವಳು ಇಂದಿಗೂ ಅಲೆಯ ಅಂಚಿನ ಮರಳಲ್ಲಿ ಹಚ್ಚುತ್ತಾಳೆ. ಗಾಳಿ ಆರಿಸುತ್ತದೆ, ಮತ್ತೆ ಹಚ್ಚುತ್ತಾಳೆ.

"ಅಜ್ಜೀ, ಅವತ್ತು ಕೂಗಿದ್ರೆ ಇಳಿದು ಬರ್ತಿದ್ರಾ ಅವರು?"

"ಬಂದಿದ್ರೆ ಎಲ್ಲಾರೂ ನಗೋರು. ಹೆಂಡ್ತಿ ಸೆರಗು ಹಿಡ್ಕೊಂಡೋನು ಅಂತ."

"ಮತ್ತೆ?"

"ನಗ್ಲಿ ಬಿಡೇ. ನಕ್ಕೋರ ಹೆಂಡ್ತೀರೂ ತಾಳಿ ತೆಗೆದ್ರಲ್ಲ." ಮೀನಿನ ಕೈ ಒರೆಸಿಕೊಂಡು ತೋಳು ಚಾಚಿದಳು. "ಏನು ನನ್ನ ಮುಖ ನೋಡ್ತೀಯ, ಪೇಟೆ ಹುಡುಗಿ? ಮಗು ಕೊಡಿಲ್ಲಿ."

ಮಗುವನ್ನು ಕೊಟ್ಟೆ. ತೋಣಿ ಇನ್ನೂ ಬಂದರಿನಲ್ಲೇ ಇರಬೇಕು; ಆಚೆಯ ಮುಯಲ್ ದ್ವೀಪ ದಾಟಿದರೆ ಫೋನ್ ಸಿಗುವುದಿಲ್ಲ. ಅವನ ನಂಬರು ಒತ್ತಿದೆ. ಅತ್ತ ಕಡೆ ಪಂಪಿನ ಸದ್ದು, ಯಾರದೋ ನಗು, ಆಮೇಲೆ ಅವನ ದನಿ.

"ಸೂಸೈ," ನಾನು ಕೂಗಿದೆ, "ಇಳಿದು ಬಾ."