ಗಂಟಲಿನ ಮಾತ್ರೆ

ಮೊನ್ನೆ ಜಕ್ಕೂರಿನ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಕಿತ್ತರು. ಆ ಕಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಸಾಲಾಗಿ ಹತ್ತು ಸೀನು. ಹನ್ನೊಂದನೆಯದಕ್ಕೆ ಕಾಯುತ್ತಿದ್ದಾಗ ಯಾರೋ ನನ್ನ ಎಡ ಮಣಿಕಟ್ಟು ಹಿಡಿದಂತಾಯಿತು. ತಣ್ಣನೆಯ ಮೂರು ಬೆರಳು... ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಎಂಬತ್ತರ ದಶಕದ ಕೊನೆ. ಗದಗ ಕಡೆಯಿಂದ ಬಂದ ನಾನು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದೆ. ಕೆಂಪಾಪುರದಲ್ಲಿ ಬಾಡಿಗೆ ಕೋಣೆ, ಸುತ್ತಲೂ ಇದೇ ಗಿಡ. ಸೀನಿಗೆ ಆಗ ಕೊಡುತ್ತಿದ್ದ ಮಾತ್ರೆ ನುಂಗಿದರೆ ಯಂತ್ರದ ಮುಂದೆಯೇ ತೂಕಡಿಕೆ. ಒಮ್ಮೆ ಅಂಗಿಯ ತೋಳು ಯಂತ್ರಕ್ಕೆ ಸಿಕ್ಕಿ ಹರಿಯಿತು. ಕೈ ಉಳಿದದ್ದೇ ಹೆಚ್ಚು.

ನಮ್ಮ ಬೀದಿಯ ಡಾಕ್ಟ್ರು ಒಂಟಿ ಮನುಷ್ಯ. ರೋಗ ಏನೆಂದು ಕೇಳುವ ಮೊದಲು ಕೆಲಸ ಏನೆಂದು ಕೇಳುತ್ತಿದ್ದರು. ನನ್ನ ಅಂಗಿಯ ಹರಿದ ತೋಳು ನೋಡಿ ಡ್ರಾಯರಿನಿಂದ ಬೇರೆ ಮಾತ್ರೆ ತೆಗೆದರು. "ಇದು ನಿದ್ದೆ ತರಲ್ಲ ಕಣಯ್ಯ. ಆದ್ರೆ ಹೊಸಾದು. ವಾರ ಬಿಟ್ಟು ಬಂದು ನಾಡಿ ತೋರಿಸ್ಬೇಕು."

ನಾಲ್ಕು ದಿನ ಹಾಯಾಗಿದ್ದೆ. ಐದನೆಯ ದಿನ ಗಂಟಲು ಊದಿ ಜ್ವರ ಬಂತು. ಕಾರ್ಖಾನೆಯ ಹತ್ತಿರದ ಇನ್ನೊಬ್ಬ ಡಾಕ್ಟರಿಂದ ಗಂಟಲಿಗೆ ಮಾತ್ರೆ ತಂದು ಅದನ್ನೂ ನುಂಗಿದೆ. ವಾರ ತುಂಬಿದ ದಿನ ನಮ್ಮ ಡಾಕ್ಟರ ಬಾಗಿಲಲ್ಲೇ ತಲೆ ತಿರುಗಿ ಬಿದ್ದೆ. ಎಚ್ಚರವಾದಾಗ ಅವರು ಕಣ್ಣು ಮುಚ್ಚಿ ನನ್ನ ನಾಡಿ ಹಿಡಿದಿದ್ದರು.

"ಹೆಜ್ಜೆ ತಪ್ತಾ ಇದೆ. ಒಳಗೆ ಇನ್ಯಾರೋ ನಡೀತಿದ್ದಾರೆ... ಬೇರೆ ಮಾತ್ರೆ ಏನಾದ್ರೂ ತಗೊಂಡ್ಯಾ?"

"ಇಲ್ರೀ ಸಾಹೇಬ್ರ."

ವಕೀಲರಿಗೂ ವೈದ್ಯರಿಗೂ ಸುಳ್ಳು ಹೇಳಬಾರದು ಅನ್ನುತ್ತಾರೆ. ಆದರೆ ಮನೆಯವನಂತೆ ನೋಡಿಕೊಂಡವರ ಮುಖಕ್ಕೆ, ನಿಮ್ಮನ್ನು ಬಿಟ್ಟು ಇನ್ನೊಬ್ಬರ ಹತ್ತಿರ ಹೋಗಿದ್ದೆ ಎನ್ನಲು ನಾಚಿಕೆಯಾಯಿತು. ಅವರೇ ಕರೆದೊಯ್ದ ದೊಡ್ಡಾಸ್ಪತ್ರೆಯಲ್ಲೂ ಅದೇ ಸುಳ್ಳು ಹೇಳಿದೆ. ಹೊಸ ಮಾತ್ರೆ ನಿಲ್ಲಿಸಿದರು, ನಾನು ಬದುಕಿಕೊಂಡೆ.

ಅವರು ಮಾತ್ರ ಅದನ್ನು ಅಲ್ಲಿಗೆ ಬಿಡಲಿಲ್ಲ. ಅವರಿಗೂ ಸೀನಿನ ಕಾಟವಿತ್ತು, ಆ ಮಾತ್ರೆಯನ್ನು ತಾವೇ ನುಂಗಿ ನೋಡತೊಡಗಿದರು. ಯಾವಾಗ ಹೋದರೂ ಗೋಡೆ ಗಡಿಯಾರ ನೋಡುತ್ತ ತಮ್ಮದೇ ಮಣಿಕಟ್ಟು ಹಿಡಿದು ಕೂತಿರುತ್ತಿದ್ದರು. "ನನಗೇನೂ ಆಗ್ತಿಲ್ಲ ಕಣಯ್ಯ. ನಿನಗೆ ಯಾಕಾಯ್ತು?" ಕೆಲಸಕ್ಕೆ ಹೊತ್ತಾಯಿತೆಂದು ನಾನು ಎದ್ದುಬಿಡುತ್ತಿದ್ದೆ.

ಆ ಚಳಿಗಾಲದಲ್ಲಿ ಅವರ ಗಂಟಲು ಕಟ್ಟಿತು. ಒಂದು ಬೆಳಿಗ್ಗೆ ಹೋದಾಗ ಬಾಗಿಲು ತೆರೆದಿತ್ತು. ಕಣ್ಣು ಗಡಿಯಾರದ ಮೇಲೆ, ಮೂರು ಬೆರಳು ಮಣಿಕಟ್ಟಿನ ಮೇಲೆ. ಎಣಿಕೆ ತಪ್ಪೀತೆಂದು ಉಸಿರು ಬಿಗಿಹಿಡಿದು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ... ಅವರು ರೆಪ್ಪೆ ಬಡಿಯಲೇ ಇಲ್ಲ. ಮೇಜಿನ ಮೇಲೆ ಆ ಹೊಸ ಮಾತ್ರೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು, ನಾನು ಅಂದು ಗಂಟಲಿಗೆ ನುಂಗಿದ್ದ ಮಾತ್ರೆಯೇ.

ಅವೆರಡೂ ಕೂಡಿದರೆ ಹೃದಯದ ಬಡಿತವೇ ಕೆಡುತ್ತದೆಂದು ವರ್ಷಗಳ ನಂತರ ಪತ್ರಿಕೆಯಲ್ಲಿ ಓದಿದೆ. ಆ ಸೀನಿನ ಮಾತ್ರೆ ಅಂಗಡಿಗಳಿಂದಲೇ ಮಾಯವಾಯಿತು. ಆಗ ಅದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಿಜ. ನಾನು ಬಾಯಿ ಬಿಟ್ಟಿದ್ದರೆ ಅವರೊಬ್ಬರಿಗೆ ಗೊತ್ತಾಗುತ್ತಿತ್ತು. ಈ ಪಾಪ ನನ್ನದು.

ಮೊನ್ನೆ ಸಂಜೆ ಸೀನಿನ ಮಾತ್ರೆಗೆ ಚೀಟಿ ಬರೆಸಿಕೊಂಡು ಔಷಧದಂಗಡಿಗೆ ಹೋದೆ. ಅಲ್ಲಿನ ಹುಡುಗಿ ಚೀಟಿ ನೋಡಿ, "ಬೇರೆ ಮಾತ್ರೆ ಏನಾದ್ರೂ ತಗೋತಿದ್ದೀರಾ ಅಂಕಲ್?" ಎಂದಳು.

"ಗಂಟಲಿಗೆ ಒಂದು ಮಾತ್ರೆ ತಗೊಂಡಿದ್ನಿರೀ," ಅಂದೆ.

"ಯಾವಾಗ?"

ಅದನ್ನು ಕೇಳಿಸಿಕೊಳ್ಳಬೇಕಾಗಿದ್ದವರು ಹೋಗಿ ಎಷ್ಟೋ ಕಾಲವಾಯಿತು. ಮಣಿಕಟ್ಟಿನ ಮೇಲಿನ ಆ ಬೆರಳುಗಳು ಮಾತ್ರ ಇನ್ನೂ ಸಡಿಲವಾಗಿಲ್ಲ.