ಕಚ್ಚಿಟ್ಟ ರೊಟ್ಟಿ

ಆಕೆ ಬಾಯಿತುಂಬ ನಕ್ಕರೆ ಮೇಲಿನ ಸಾಲಿನಲ್ಲಿ ನಾಲ್ಕು ಚಿನ್ನದ ಹಲ್ಲು ಕಾಣುತ್ತಿದ್ದವು. ತಲೆಗೆ ಹೂವಿನ ವಸ್ತ್ರ, ಬೇಸಿಗೆಯಲ್ಲೂ ಕಾಲಿಗೆ ಉಣ್ಣೆಯ ಚೀಲ. ಮಗನ ಹೊಟ್ಟೆಯ ದೊಡ್ಡ ಆಪರೇಷನ್ನಿಗೆಂದು ಉಜ್ಬೇಕಿಸ್ತಾನದಿಂದ ಬಂದು, ಮಾರೇನಹಳ್ಳಿಯ ನಮ್ಮ ಮಹಡಿ ಮನೆಯಲ್ಲಿ ಐದು ತಿಂಗಳು ಬಾಡಿಗೆಗಿದ್ದರು. ನಾನು ಬೀದಿಗೆಲ್ಲ ‘ರಷ್ಯಾದವರು’ ಎಂದು ಸಾರಿದ್ದೆ. ಆಕೆ ಮಾತ್ರ ಪ್ರತಿ ಸಲವೂ ಬೆರಳಾಡಿಸಿ, "ರಷ್ಯಾ ಇಲ್ಲ, ಉಜ್ಬೆಕ್" ಎಂದು ತಿದ್ದುತ್ತಿದ್ದರು.

ಫೋನಿನಲ್ಲಿ ಟರ್ಕಿಯ ಧಾರಾವಾಹಿ ನೋಡುವರು. ಅದೂ ನಿಮ್ಮ ಭಾಷೆಯೇ ಎಂದು ಕೇಳಿದರೆ, ಅಲ್ಲ, ಅರ್ಧ ತಿಳಿಯುತ್ತದೆ ಎಂದು ಕೈಯಲ್ಲೇ ತೋರಿಸಿದರು. ನಮಗೆ ತೆಲುಗು ಇದ್ದ ಹಾಗೆ ಇರಬೇಕು. ನನ್ನನ್ನು ‘ಆಪಾ’ ಎನ್ನುತ್ತಿದ್ದರು, ಅಂದರೆ ಅಕ್ಕ. ನಮ್ಮ ಟೈಲರ್ ಮನೆಯ ಉರ್ದು ಮಾತಿನ ಹುಡುಗಿಯರೂ ಅಕ್ಕನನ್ನು ಹಾಗೇ ಕರೆಯುವುದು. ಅಕ್ಕಪಕ್ಕದವರು ಏನಂದುಕೊಂಡಾರೋ ಎಂದು ನಾನು ಮೆಟ್ಟಿಲ ಮೇಲೇ, "ಅಕ್ಕ ಅನ್ರೀ, ಅಕ್ಕ" ಎಂದೆ. ಒಂಚೂರೂ ಬೇಸರಿಸದೆ "ಅಕ್ಕಾ" ಎಂದರು. ಆ ಸಣ್ಣತನಕ್ಕೇ ಈಗ ನಾಚಿಕೆಯಾಗುತ್ತದೆ. ಆಮೇಲೆ ಮಾಡಿದ್ದು ಅದಕ್ಕಿಂತ ಕೀಳು.

ಪುಟ್ಟ ಓವನ್ನಿನಲ್ಲಿ ದುಂಡನೆಯ ರೊಟ್ಟಿ ಸುಡುತ್ತಿದ್ದರು, ನಡುವೆ ಹೂವಿನಂತೆ ಚುಚ್ಚಿದ್ದು. ನಾನು ಅದನ್ನು ಬೋರಲು ಇಟ್ಟರೆ ಥಟ್ಟನೆ ತಿರುಗಿಸುವರು. ಚೂರು ಕೆಳಗೆ ಬಿದ್ದರೆ ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಳ್ಳುವರು, ನಾವು ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವಂತೆ. ಇಷ್ಟು ಕಂಡೂ ನನಗೆ ಬುದ್ಧಿ ಬರಲಿಲ್ಲ.

ಮಗ ಆಸ್ಪತ್ರೆ ಸೇರಿದ ಮೇಲೆ ಆಕೆ ಬೆಳಗ್ಗೆ ಹೋದರೆ ಸಂಜೆಗೇ ಬರುವುದು. ಒಂದು ಬೀಗದ ಕೈ ನನ್ನಲ್ಲೂ ಇತ್ತು. ಶುಕ್ರವಾರ ಮಹಡಿಯಿಂದ ಇರುವೆ ಸಾಲು ಇಳಿಯುವುದನ್ನು ಕಂಡು, ಹೇಳದೆ ಕೇಳದೆ ಬಾಗಿಲು ತೆಗೆದೆ. ಒಳಗೆ ಬಾಗಿಲ ಮೇಲಿನ ಮೊಳೆಗೆ, ನಾವು ಮಾವಿನೆಲೆ ಕಟ್ಟುವ ಜಾಗದಲ್ಲಿ, ಬಿಳಿ ಬಟ್ಟೆಯಲ್ಲಿ ಒಣ ರೊಟ್ಟಿಯೊಂದು ತೂಗುತ್ತಿತ್ತು. ಒಂದು ಬದಿಯಲ್ಲಿ ಯಾರೋ ಕಚ್ಚಿದ ಗುರುತು. ಎಂಜಲು! ಅದೂ ಶುಕ್ರವಾರ, ನನ್ನ ಮನೆಯ ಹೊಸಿಲ ಮೇಲೆ! ಎರಡು ಬೆರಳಲ್ಲಿ ಹಿಡಿದು ತಂದು, ಬೀದಿಯ ಹಸುವಿಗೆ ಹಾಕಿ, ಕೈ ತೊಳೆದುಕೊಂಡೆ.

ಸಂಜೆ ಆಕೆ ಬರಿಗಾಲಲ್ಲಿ ಇಳಿದು ಬಂದರು.

"ಅಕ್ಕಾ, ನಾನ್ ಎಲ್ಲಿ?"

"ಇಲ್ಲೇ ಇದೀರಲ್ರೀ!" ಎಂದು ನಕ್ಕುಬಿಟ್ಟೆ.

ಆಕೆ ನಗಲಿಲ್ಲ. ಫೋನಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿ ನನ್ನ ಮುಂದೆ ಹಿಡಿದರು. ಅದು ಪುಸ್ತಕದ ಕನ್ನಡದಲ್ಲಿ ಒದರಿತು: "ನನ್ನ ಮಗನು ಆಸ್ಪತ್ರೆಗೆ ಹೊರಡುವಾಗ ರೊಟ್ಟಿಯನ್ನು ಕಚ್ಚಿದನು. ಉಳಿದದ್ದನ್ನು ತಿನ್ನಲು ಅವನು ಮನೆಗೆ ಮರಳಬೇಕು. ರೊಟ್ಟಿ ಎಲ್ಲಿದೆ?"

ಅವರ ನುಡಿಯಲ್ಲಿ ನಾನ್ ಎಂದರೆ ರೊಟ್ಟಿ. ಅದನ್ನು ತೆಗೆದವರು ಯಾರು ಎಂಬುದಕ್ಕೆ ನನ್ನ ಬಾಯಿಂದ ಬರಬೇಕಾಗಿದ್ದ ಉತ್ತರವೂ ಅದೇ, ನಾನು.

"ಇಲಿ ಕಣ್ರೀ, ಇಲಿ ತಿಂದಿರ್ಬೇಕು" ಎಂದೆ. ಫೋನು ಅದನ್ನೂ ಅವರ ಭಾಷೆಗೆ ತಿರುಗಿಸಿ ಹೇಳಿತು. ಆಕೆ ಮೆಟ್ಟಿಲ ಮೇಲೆ ಕುಸಿದು ಕೂತರು.

ಮಗನಿಗೆ ಸೋಂಕಾಗಿ ಐಸಿಯುನಲ್ಲಿ ಹನ್ನೊಂದು ದಿನ ಇಟ್ಟರು. ಅಷ್ಟು ದಿನವೂ ಆ ತಾಯಿ ವಿಧಿಯೇ ರೊಟ್ಟಿ ಕಸಿದುಕೊಂಡಿತೆಂದು ನಂಬಿ ನಡುಗಿದರು. ಕಸಿದದ್ದು ವಿಧಿಯಲ್ಲ, ಮಡಿಯ ಜಂಭದ ಈ ಮನೆಯೊಡತಿ ಎಂದು ಗೊತ್ತಾಗಿದ್ದರೆ ನನ್ನನ್ನು ಬೈದಾದರೂ ಹಗುರಾಗುತ್ತಿದ್ದರು. ನಾನು ಅನ್ನ ಸಾರು ಕಳಿಸಿದೆ, ಹರಕೆ ಹೊತ್ತೆ, ನಿಜವೊಂದನ್ನು ಬಿಟ್ಟು ಎಲ್ಲ ಕೊಟ್ಟೆ.

ಮಗ ಬದುಕಿ ಬಂದ. ಊರಿಗೆ ಹೊರಡುವ ದಿನ ಆಕೆ ಹೊಸ ರೊಟ್ಟಿ ಸುಟ್ಟು ತಂದು, ನನ್ನೆದುರೇ ಒಂದು ತುತ್ತು ಕಚ್ಚಿ, ಉಳಿದದ್ದನ್ನು ನನ್ನ ಕೈಗಿಟ್ಟರು. ಮಗನ ಚೆಕಪ್ಪಿಗೆ ಬಂದಾಗ ತಿನ್ನುತ್ತಾರಂತೆ. "ಅಕ್ಕಾ, ಇಲಿ! ಇಲಿ!" ಎಂದು ಎಚ್ಚರಿಸಿದರು. ಅವರಿಗೆ ಆ ಕನ್ನಡ ಕಲಿಸಿದವಳು ನಾನೇ. ರೊಟ್ಟಿಯನ್ನು ದೇವರಮನೆಯ ಬಾಗಿಲಿಗೆ ಕಟ್ಟಿದೆ.

ಆರು ತಿಂಗಳ ಮೇಲೆ ಮಗನೊಬ್ಬನೇ ಬಂದ. ತಾಯಿ ಎದೆನೋವಿನಿಂದ ತೀರಿಕೊಂಡು ತಿಂಗಳಾಗಿತ್ತು. ರೊಟ್ಟಿ ಇಳಿಸಿ ಕೊಟ್ಟೆ. ಅಮ್ಮ ಕಚ್ಚಿದ ಜಾಗದ ಮೇಲೆ ಬೆರಳಾಡಿಸುತ್ತ ಅವನು ಫೋನಿಗೆ ಏನೋ ಹೇಳಿದ.

"ನಮ್ಮ ತಾಯಿಯ ರೊಟ್ಟಿಯನ್ನು ಇಲಿಗಳಿಂದ ಕಾಪಾಡಿದ್ದಕ್ಕೆ ತಮಗೆ ಕೃತಜ್ಞತೆಗಳು" ಎಂದಿತು ಅದು.

"ಇರ್ಲಿ ಬಿಡಪ್ಪ" ಎಂದೆ.