ಜುಬಾನಿನ ಬಲ ಅಂಚು

ಸೀರೆ ಉಡಿಸುವುದರಲ್ಲಿ ಮಲೇಷ್ಯಾದ ಈ ಸುಬಾಂಗ್ ಜಯಾದ ಕನ್ನಡದವರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನನಗೆ. ಹಾಗಾಗಿ ಮಗಳು ಕಾಲೇಜಿನ ಜಪಾನೀ ಹಬ್ಬಕ್ಕೆ ಕಿಮೋನೋ ಬೇಕೆಂದಾಗ, ಕೆಳಗಿನ ಮಹಡಿಯ ಜಪಾನೀ ಅಜ್ಜಿಯಿಂದ ಕಡ ತಂದೆನೇ ಹೊರತು ಉಡಿಸುವ ಕ್ರಮ ಕೇಳಲಿಲ್ಲ. ಒಳಗೆ ತೊಡುವ ಬಿಳಿ ಜುಬಾನ್ ನೋಡಿ, ಅಯ್ಯೋ, ಇದು ನಮ್ಮ ಲಂಗದ ಹಾಗೇ, ತೋಳು ಬೇರೆ ಇದೆ ಅಷ್ಟೆ, ಅಂದುಕೊಂಡೆ. ಎದೆಯ ಮೇಲೆ ಯಾವ ಅಂಚು ಮೇಲೆ ಬರಬೇಕು? ಶುಭಕ್ಕೆ ಬಲವೇ ತಾನೆ! ಜುಬಾನಿಗೂ ಕಿಮೋನೋಗೂ ಬಲ ಅಂಚನ್ನೇ ಮೇಲೆ ತಂದು ಬಿಗಿದು ಕಟ್ಟಿದೆ.

ಹೋದ ತಿಂಗಳಷ್ಟೇ ಡೆಂಗಿಯಿಂದ ಎದ್ದ ಹುಡುಗಿ. ಪ್ಲೇಟ್‌ಲೆಟ್ ಇಳಿಯುತ್ತಾ ಹೋದ ಆ ಎರಡು ದಿನ ಆಸ್ಪತ್ರೆಯಲ್ಲಿ ನನ್ನ ಗಂಟಲಲ್ಲಿ ನೀರೂ ಇಳಿದಿರಲಿಲ್ಲ. ಈಗ ಅವಳು ರೈಲು ಹಿಡಿಯಲು ಪುಟುಪುಟು ಓಡಿದ್ದು ಕಂಡು ಹಿಗ್ಗಿ, ಅಜ್ಜಿಗೆ ಫೋಟೋ ಕಳಿಸಿದೆ.

ತಕ್ಷಣ ಫೋನ್ ಬಂತು. ಎಡ ಅಂಚು ಮೇಲೆ ಬರಬೇಕಂತೆ. ಬಲ ಅಂಚು ಮೇಲೆ ಬರುವಂತೆ ಉಡಿಸುವುದು ಹೆಣಕ್ಕೆ ಮಾತ್ರವಂತೆ.

ಕಾರು ತೆಗೆದೆ. ಒಂದೊಂದು ಸಿಗ್ನಲ್ಲಿಗೂ ಶಾಪ ಹಾಕುತ್ತಾ, ನನ್ನ ಜಂಬಕ್ಕೆ ಇನ್ನಷ್ಟು ಹಾಕುತ್ತಾ ಕಾಲೇಜು ಮುಟ್ಟಿದೆ.

ಮಗಳು ಮೆಟ್ಟಿಲ ಬಳಿ ಗೆಳತಿಯರೊಂದಿಗೆ ನಗುತ್ತಾ ನಿಂತಿದ್ದಳು. ಕಿಮೋನೋದ ಎಡ ಅಂಚು ಮೇಲಿತ್ತು.

"ಟೀಚರ್ ಫಿಕ್ಸ್ ಮಾಡಿದ್ರು, ಅಮ್ಮಾ. ಚಿಲ್ ಲಾ."

"ಒಳಗಿಂದು?"

"ಅದು ಚೇಂಜ್ ಮಾಡಿಲ್ಲ. ಯಾರು ನೋಡ್ತಾರೆ?"

"ಯಾರೂ ನೋಡದಿದ್ರೇನೇ? ಅದನ್ನ ಕಟ್ಟಿದ್ದು ನಾನು ಕಣೇ! ನಡಿ."

ಟಾಯ್ಲೆಟ್ಟಿಗೆ ಎಳೆದುಕೊಂಡು ಹೋದೆ. ಅವಳು ಗೊಣಗುತ್ತಲೇ ಇದ್ದಳು. ನಡುಪಟ್ಟಿ ಬಿಚ್ಚಿ, ಕಿಮೋನೋ ಸರಿಸಿ, ಜುಬಾನಿನ ಗಂಟಿಗೆ ಕೈ ಹಾಕಿದರೆ ಅದು ಬಿಚ್ಚುತ್ತಲೇ ಇಲ್ಲ. ನಾನೇ ಬಿಗಿದ ಗಂಟು! ಉಗುರಿನಿಂದ ಕೆದಕಿದೆ, ಹಲ್ಲಿನಿಂದ ಎಳೆಯಲು ಬಗ್ಗಿದೆ. ಅವಳು ಗೊಣಗುವುದನ್ನು ಬಿಟ್ಟು ನನ್ನ ಕೈ ಸರಿಸಿದಳು. ತಾನೇ ಗಂಟು ಸಡಿಲಿಸಿ ಎಡ ಅಂಚನ್ನು ನನ್ನ ಕೈಗಿತ್ತಳು.

ಜುಬಾನು ಬೆವರಿಗೆ ಒದ್ದೆಯಾಗಿತ್ತು. ಜ್ವರ ಬಿಟ್ಟ ಬೆವರಲ್ಲ, ಓಡಾಡಿದ ಬೆವರು. ಎಡ ಅಂಚನ್ನು ಮೇಲೆ ತಂದು ಕಟ್ಟಿದೆ. ಸಾಲದೆನಿಸಿ ಇನ್ನೊಂದು ಗಂಟು ಹಾಕಿದೆ.

"ಅಮ್ಮಾ, ಟೂ ಟೈಟ್ ಲಾ! ಉಸಿರಾಡೋಕೇ ಆಗ್ತಿಲ್ಲ."

"ಆಡ್ತಿದೀಯ ಕಣೇ," ಎಂದೆ. "ನನ್ನ ಕೈಗೆ ಗೊತ್ತಾಗ್ತಿದೆ."